ಮೂವತ್ತೊಂದು ಪರ್ಸಿ

ಮೋನಮ್ಮ ಬರೆಯುತ್ತಾಳೆ ಎಂಬುದು ತಾಂಡೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಕಾರಣವೂ ಇರಲಿಲ್ಲ. ಪರ್ಸಿ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಕಲ್ಲು ಹೊರುವ ಹೆಂಗಸಿಗೆ ಸೊಂಟ ಗಟ್ಟಿ ಇದೆಯೇ ಎಂದು ನೋಡುತ್ತಾರೆ. ತಲೆಯಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ?

ಪರ್ಸಿ ಎಂದರೆ ಹಾಸುಗಲ್ಲು. ಪಡಸಾಲೆಗೆ, ಅಡುಗೆಮನೆಗೆ, ದೇವರಕೋಣೆಗೆ ಹಾಸಿಕೊಂಡು ನೀವು ತಣ್ಣಗೆ ಅಂಗಾಲಿಡುತ್ತೀರಲ್ಲ, ಅದೇ. ಅದು ಹೊಳೆಯುತ್ತ ನಿಮ್ಮ ಮನೆಗೆ ಬರುವ ಮೊದಲು ಮೋನಮ್ಮನಂಥವರ ಕೈ ತಿಂದು ಬಂದಿರುತ್ತದೆ. ಮಷೀನಿನ ಕೆಳಗೆ ದಿನವಿಡೀ ನೀರು ಸುರಿಯುತ್ತದೆ. ಕಲ್ಲಿನ ಹಿಟ್ಟು ಸೇರಿ ಆ ನೀರು ಬಿಳಿ ಕೆಸರಾಗುತ್ತದೆ. ಆ ಕೆಸರಿನಲ್ಲಿ ನಿಂತು ಇಬ್ಬಿಬ್ಬರು ಹೆಂಗಸರು ಒಂದೊಂದು ಪರ್ಸಿಯ ಎರಡು ಕಡೆ ಹಿಡಿದು ಎತ್ತಬೇಕು, ಹೊತ್ತು ನಡೆಯಬೇಕು, ಕಬ್ಬಿಣದ ಚೌಕಟ್ಟಿಗೆ ಒರಗಿಸಿ ಸಾಲಾಗಿ ನಿಲ್ಲಿಸಬೇಕು. ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ ಇದೇ. ಮೋನಮ್ಮನ ಬೆರಳ ತುದಿ ಸವೆದು ನುಣ್ಣಗಾಗಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನಿಗೆ ಆಕೆಯ ಗುರುತೇ ಹತ್ತುತ್ತಿರಲಿಲ್ಲ.

ಅಂಥ ಬೆರಳಲ್ಲಿ ಆಕೆ ಪೆನ್ನು ಹಿಡಿಯುತ್ತಿದ್ದಳು. ಗಡಿಯ ಊರೊಂದರ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು. ಗಂಡ ಸತ್ತ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಇಲ್ಲದೆ ನೋಟುಬುಕ್ಕಿನ ಜೊತೆ ಮಾತಾಡುವುದು ರೂಢಿಯಾಯಿತು. ಬರೆದದ್ದನ್ನು ಯಾರಿಗಾದರೂ ಓದಿ ಹೇಳಬೇಕೆಂದು ಎಂದೂ ಅನ್ನಿಸಿರಲಿಲ್ಲ. ಸೌಂದರ್ಯಾ ಸತ್ತ ಮೇಲೆ ಅನ್ನಿಸಿತು.

ಸೌಂದರ್ಯಾ ಮನೂರ್ ಕಡೆಯ ಹುಡುಗಿ. ಅಪ್ಪ ಮಾಳಿಂಗಪ್ಪ, ಅವ್ವ ಅಮೃತಬಾಯಿ, ಕುರಿ ಸಾಕುವ ಮನೆ. ಇಪ್ಪತ್ತೆರಡು ವರ್ಷ. ಕಾರ್ಖಾನೆಗೆ ಸೇರಿ ಏಳು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಚೌಕಟ್ಟು ವಾಲಿ, ನಿಲ್ಲಿಸಿದ ಪರ್ಸಿಯ ಸಾಲು ಆಕೆಯ ಮೇಲೆ ಬಿತ್ತು. ಸಂಜೆಯೊಳಗೆ ಕಾರ್ಖಾನೆಯ ಸೇಠ್ ಹೇಳಿದ ಹಾಗೆ ಠಾಣೆಯಲ್ಲಿ ಕಾಗದ ತಯಾರಾಯಿತು. ಸತ್ತವಳು ಕಾರ್ಖಾನೆಯ ಕೆಲಸದವಳಲ್ಲ, ಬಿಸಿಲಿಗೆ ನೆರಳು ಹುಡುಕಿಕೊಂಡು ಬಂದು ಕಲ್ಲಿನ ಸಾಲಿನ ಹತ್ತಿರ ಕುಳಿತಿದ್ದಳು ಎಂದು ಅದರಲ್ಲಿತ್ತು. ಹೆಂಗಸರ ಹೆಸರು ಹಾಜರಿ ಪುಸ್ತಕದಲ್ಲಿ ಮೊದಲಿನಿಂದಲೂ ಇರುತ್ತಿರಲಿಲ್ಲ. ಹಾಗಾಗಿ ಕಾಗದದಲ್ಲಿದ್ದದ್ದೇ ನಿಜವಾಯಿತು. ಏಳು ತಿಂಗಳು ಕಲ್ಲು ಹೊತ್ತವಳನ್ನು ನೆರಳಿಗೆ ಬಂದವಳನ್ನಾಗಿ ಮಾಡಿ ಹೂತರು.

ಮೋನಮ್ಮ ಅದನ್ನು ಬರೆದಳು. ಒಂಬತ್ತು ಪುಟ. ಜೊತೆಗೆ ಕಲ್ಲು ಹೊರುವ ಪ್ರೇಮಲಾ, ಕೌಶಲ್ಯಾ ಇಬ್ಬರೂ ಹೇಳಿದ್ದನ್ನು ಅವರ ಹೆಸರು ಹಾಕಿಯೇ ಬರೆದಳು. ಆದರೆ ಬರೆದಿಟ್ಟರೆ ಏನಾಗುತ್ತದೆ? ಯಾರಾದರೂ ಕೇಳಬೇಕು. ಕೇಳಿ, ಹೌದು, ಆಕೆ ಕೆಲಸದವಳೇ ಎನ್ನಬೇಕು. ಕೂಲಿ ಹೆಂಗಸೊಬ್ಬಳು ಬರೆದದ್ದು ರದ್ದಿ. ಓದು ಬಲ್ಲ ಹತ್ತು ಜನ ಜೊತೆಗೆ ನಿಂತರೆ ಅದೇ ರದ್ದಿಗೆ ನಾಲಿಗೆ ಬರುತ್ತದೆ ಎಂದು ಆಕೆ ನಂಬಿದ್ದಳು.

ಆಗಲೇ ರೈಲು ನಿಲ್ದಾಣದ ಗೋಡೆಯ ಮೇಲೆ ಆ ಚೀಟಿ ಕಂಡದ್ದು. ಕನ್ನಡದಲ್ಲಿತ್ತು. ‘ಬರೆಯುವವರೇ, ಒಬ್ಬಂಟಿಯಾಗಿರಬೇಡಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆಯ ಕನ್ನಡ ಬರಹಗಾರರ ಬಳಗ. ತಿಂಗಳ ಎರಡನೆಯ ಭಾನುವಾರ.’ ಕೆಳಗೆ ಒಂದು ನಂಬರು. ಮೋನಮ್ಮ ಫೋನು ಮಾಡಿದಳು. ಮಾಧುರಿ ಎಂಬ ಹೆಂಗಸು ಎತ್ತಿದಳು. ಡಾಕ್ಟರ ಹೆಂಡತಿ, ಕವಿತೆ ಬರೆಯುವವಳು.

“ಬರ್ರಿ ಮೋನಮ್ಮ, ಅಗದಿ ಖುಷಿ ಆತು ನೋಡ್ರಿ. ನಿಮ್ಮಂಥವರೇ ನಮಗ ಬೇಕಾಗಿತ್ತು” ಎಂದಳು.

ಆ ಭಾನುವಾರ ಮೋನಮ್ಮ ವಿಕಾರಾಬಾದಿನಲ್ಲಿ ರೈಲು ಬದಲಿಸಿ ಜಹೀರಾಬಾದಿಗೆ ಹೋದಳು. ಬಳಗ ಕೂಡುವುದು ಉಮಾಕಾಂತ ಎಂಬ ರಿಟೈರ್ಡ್ ಲೆಕ್ಚರರ್ ಮನೆಯ ಮಹಡಿಯಲ್ಲಿ. ಐದು ಜನ ಇದ್ದರು. ಒಳಗೆ ಕಾಲಿಟ್ಟ ಕೂಡಲೇ ನೆಲದ ಪರ್ಸಿ ಆಕೆಯ ಕಣ್ಣಿಗೆ ಬಿತ್ತು. ಮಾಧುರಿ ನಗುತ್ತ ಬಂದು ಕೈ ಹಿಡಿದಳು. ಕುರ್ಚಿ ಎಳೆದಳು. ಅದರ ಮೇಲೆ ಒಂದು ಹಳೆಯ ಪೇಪರು ಹಾಸಿದಳು. ಮೋನಮ್ಮನ ಸೀರೆ ಒಗೆದದ್ದೇ ಇತ್ತು. ಆದರೆ ಕಲ್ಲಿನ ಹಿಟ್ಟು ಒಗೆದರೆ ಹೋಗುವುದಲ್ಲ, ಅಂಚಿನಲ್ಲಿ ಬೆಳ್ಳಗೆ ಕೂತೇ ಇರುತ್ತದೆ. ಉಳಿದ ಯಾರ ಕುರ್ಚಿಯ ಮೇಲೂ ಪೇಪರು ಇರಲಿಲ್ಲ. ಮೋನಮ್ಮ ಅದನ್ನು ನೋಡಿದಳು, ಕುಳಿತಳು.

ಉಮಾಕಾಂತ ಬಳಗದ ನಿಯಮ ಓದಿ ಹೇಳಿದ. ಕೇಳಿದವರು ಮೊದಲು ಒಂದು ಒಳ್ಳೆಯ ಮಾತು ಹೇಳಬೇಕು. ಓದಿದವರು ಉತ್ತರ ಕೊಡಬಾರದು, ಸುಮ್ಮನೆ ಕೇಳಬೇಕು. ಇಲ್ಲಿ ಓದಿದ್ದು ಇಲ್ಲೇ ಇರಬೇಕು. ಕೊನೆಯದನ್ನು ಎರಡು ಸಲ ಹೇಳಿದ. ಪ್ರತಿಯೊಬ್ಬರಿಗೂ ಒಂದೊಂದು ಜೆರಾಕ್ಸ್ ಪ್ರತಿ ಕೊಡಬೇಕು, ಅವರು ಪೆನ್ಸಿಲಿನಲ್ಲಿ ಗುರುತು ಮಾಡಿ ಮುಂದಿನ ತಿಂಗಳು ತಿರುಗಿ ಕೊಡುತ್ತಾರೆ. ಒಂಬತ್ತು ಪುಟದ ಐದು ಪ್ರತಿ ಮಾಧುರಿಯೇ ಕೆಳಗಿನ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದಳು.

ಮೋನಮ್ಮ ಓದಿದಳು. ಮುಗಿಸಿ ತಲೆ ಎತ್ತಿದಾಗ ಐವರೂ ಆಕೆಯನ್ನೇ ನೋಡುತ್ತಿದ್ದರು. ತನ್ನ ಮಾತು ಮುಟ್ಟಿತು ಎಂದುಕೊಂಡಳು.

ಒಳ್ಳೆಯ ಮಾತು ಶುರುವಾಯಿತು. ಒಬ್ಬರು ಅಕ್ಷರ ದುಂಡಗಿವೆ ಎಂದರು. ಇನ್ನೊಬ್ಬರು ಭಾಷೆಯಲ್ಲಿ ಮಣ್ಣಿನ ವಾಸನೆ ಇದೆ ಎಂದರು. ಒಂಬತ್ತು ಪುಟದಲ್ಲಿ ಮಣ್ಣಿನ ಮಾತೇ ಇರಲಿಲ್ಲ, ಇದ್ದದ್ದು ಕಲ್ಲು ಮತ್ತು ರಕ್ತ. ಆಮೇಲೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಉಳಿದದ್ದು ಹೇಳಿದರು.

“ಹುಡುಗಿಗಿ ಒಂದು ಪ್ರೀತಿ ಗೀತಿ ಇಟ್ಟಿದ್ರ ಸತ್ತಾಗ ಕರುಳು ಚುರ್ ಅಂತಿತ್ತು” ಎಂದಳು ಮಾಧುರಿ. “ಈಗ ಬರೇ ಸತ್ತಳು ಅಷ್ಟೇ ಅದ.”

“ಮಾಲಕನ್ನ ಪೂರಾ ಕೆಟ್ಟವ ಮಾಡಬಾರದ್ರಿ” ಎಂದ ಉಮಾಕಾಂತ. “ಕಥಿಗೆ ಸಮತೋಲ ಬೇಕು. ಅವನಿಗೂ ಒಂದು ಅಂತಃಕರಣ ಇರತದ.”

ತುಳಸಿರಾಮ ಎಂಬುವನು ತನ್ನ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಕೂತಿದ್ದ. ಜಹೀರಾಬಾದಿನಲ್ಲಿ ಹಾಸುಗಲ್ಲಿನ ಅಂಗಡಿ ಇಟ್ಟವನು, ಮುಕ್ತಕ ಬರೆಯುವವನು. ಚಹಾ ಕುಡಿಯುವಾಗ ಹತ್ತಿರ ಬಂದು, “ಯಾವ ಕಾರ್ಖಾನಿರಿ ಇದು?” ಎಂದು ಮೆಲ್ಲಗೆ ಕೇಳಿದ. ಮೋನಮ್ಮ ಹೇಳಿದಳು. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದಲ್ಲ.

ಮಂಗಳವಾರ ಮಧ್ಯಾಹ್ನ ಕಾರ್ಖಾನೆಯ ಮೇಸ್ತ್ರಿ ಬಕ್ಕಪ್ಪ ಮಷೀನು ಬಂದ್ ಮಾಡಿಸಿದ. ಸೌಂದರ್ಯಾ ಸತ್ತ ದಿನವೂ ಬಂದ್ ಮಾಡಿಸದ ಮಷೀನು. ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಜೇಬಿನಿಂದ ಕಾಗದದ ಕಟ್ಟು ತೆಗೆದ. ಮೇಲ್ಗಡೆ ಪೆನ್ಸಿಲಿನಲ್ಲಿ ‘ತುಳಸಿರಾಮ ಅವರ ಪ್ರತಿ’ ಎಂದಿತ್ತು.

“ಪುಟ ನಾಕು” ಎಂದು ಬಕ್ಕಪ್ಪ ಓದಿದ. “‘ಚೌಕಟ್ಟಿನ ಕಾಲು ಬಿರುಕು ಬಿಟ್ಟಿದೆ ಎಂದು ಎಂಟು ದಿನ ಮೊದಲೇ ಮೇಸ್ತ್ರಿಗೆ ಹೇಳಿದ್ದೆವು, ಎಂದಳು ಪ್ರೇಮಲಾ.’ ಪ್ರೇಮಲಾ ಯಾರವ್ವ, ಮುಂದ ಬಾ.”

ಪ್ರೇಮಲಾ ಮುಂದೆ ಬಂದಳು. ಏನು ನಡೆಯುತ್ತಿದೆ ಎಂದು ಆಕೆಗೆ ತಿಳಿದಿರಲಿಲ್ಲ. ಅವನು ಕೌಶಲ್ಯಾಳನ್ನೂ ಕರೆದ. ಆರನೆಯ ಪುಟದಲ್ಲಿ ಆಕೆಯ ಹೆಸರಿತ್ತು. ಆ ಸಾಲಿನ ಪಕ್ಕದಲ್ಲಿ ತುಳಸಿರಾಮ ‘ಒಳ್ಳೆಯ ವಿವರ’ ಎಂದು ಗುರುತು ಹಾಕಿದ್ದ. ಬಕ್ಕಪ್ಪ ಅದನ್ನೂ ಓದಿದ. ನಕ್ಕ.

“ಒಳ್ಳೆ ವಿವರ ಕೊಟ್ಟೀರಿ ಮೂವರೂ. ನಾಳಿಂದ ಮನ್ಯಾಗ ಕುಂತು ಬರೀರಿ.”

ಸುದ್ದಿ ಅವರಿಗಿಂತ ಮೊದಲು ಊರು ಸುತ್ತಿತು. ಉಳಿದ ಕಾರ್ಖಾನೆಗಳ ಬಾಗಿಲಿಗೆ ಹೋದರೆ ಅಲ್ಲಿಯ ಮೇಸ್ತ್ರಿಗಳು, ಬರೆಯೋ ಹೆಂಗಸರು ಬಂದರು ನೋಡ್ರೋ ಎಂದು ನಕ್ಕು ಕಳಿಸಿದರು. ಪ್ರೇಮಲಾ, ಕೌಶಲ್ಯಾ ತೊಗರಿ ಹೊಲದ ಕಳೆ ಕೀಳಲು ಹೋದರು. ಮೋನಮ್ಮನ ಜೊತೆ ಮಾತು ಬಿಟ್ಟರು. ಸಾಯುವುದೊಂದೇ ಬಾಕಿ ಎಂಬಂಥ ನಾಚಿಕೆಯಲ್ಲಿ ಮೋನಮ್ಮ ಒಂದು ತಿಂಗಳು ಕಳೆದಳು. ಆಕೆ ಯಾರನ್ನು ಮಾತಿಗೆ ಹುಡುಕಿಕೊಂಡು ಅಷ್ಟು ದೂರ ಹೋಗಿದ್ದಳೋ ಅವರಿಂದಲೇ ಜೊತೆಗಿದ್ದ ಇಬ್ಬರೂ ಕಳೆದುಹೋಗಿದ್ದರು.

ಎರಡನೆಯ ಭಾನುವಾರ ಮತ್ತೆ ಜಹೀರಾಬಾದಿಗೆ ಹೋದಳು. ಮತ್ತೆ ಅದೇ ಕುರ್ಚಿ, ಮತ್ತೆ ಪೇಪರು. ಈ ಸಲ ಆಕೆ ಕೂಡಲಿಲ್ಲ.

“ತುಳಸಿರಾಮ ಅವ್ರೇ, ನನ್ನ ಕಾಗದ ಸೇಠ್ ಕೈಯಾಗ ಹೆಂಗ ಹೋತು?”

ತುಳಸಿರಾಮ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವಷ್ಟು ಹೆದರಿಕೆಯೂ ಆತನಿಗೆ ಆಕೆಯ ಬಗ್ಗೆ ಇರಲಿಲ್ಲ. “ಸೇಠ್ ನನಗ ಇಪ್ಪತ್ತು ವರ್ಷದ ದೋಸ್ತ್. ಮಾಲು ಅವನ ಕಡಿಂದೇ ತರ್ತೀನಿ. ಓದ್ಲಿ, ಪಾಪ ಆ ಹುಡುಗಿ ಮಂದೀಗ ಏನರ ಮದದ್ ಮಾಡ್ಲಿ ಅಂತ ಕೊಟ್ಟೆ. ನಾ ಒಳ್ಳೇದಕ್ಕ ಮಾಡೀನಿ.”

“ಮೂರು ಮಂದಿ ಕೆಲಸ ಹೋತ್ರಿ.”

“ಅದು ಗಲತ್ ಆತು, ನಾವೂ ಒಪ್ಕೊಂತೀವಿ” ಎಂದ ಉಮಾಕಾಂತ, ಕೈ ಎತ್ತಿ ಸಮಾಧಾನ ಮಾಡುವವನ ಹಾಗೆ. “ಆದ್ರ ಅದಕ್ಕ ಬಳಗ ಒಡೀಬಾರದು. ನಾವು ಮಾತಾಡ್ಕೊಂಡೀವಿ. ವರ್ಷದ ಸಂಕಲನದಾಗ ಮೊದಲ್ನೇ ಕಥಿ ನಿಮ್ದೇ. ಫೋಟೋ ಸೈತ ಹಾಕ್ತೀವಿ. ಸಣ್ಣ ಬದಲಾವಣೆ ಅಷ್ಟೇ. ಪರ್ಸಿ ಬ್ಯಾಡ, ಬಟ್ಟಿ ಗಿರಣಿ ಮಾಡ್ರಿ. ಊರು ಸೋಲಾಪುರ ಮಾಡ್ರಿ. ಕೊನಿಗೆ ಮಾಲಕ ಆಕಿ ಅವ್ವನ ಮುಂದ ಕಣ್ಣೀರು ಹಾಕ್ಲಿ.”

“ಸೋಲಾಪುರದಾಗ ಸತ್ತಿಲ್ರಿ ಆಕಿ.”

“ಕಥಿ ಅಲ್ರೀ ಅದು?”

“ಕಥಿ ಅಂದ್ರ ಆ ಠಾಣ್ಯಾಗಿನ ಕಾಗದ. ಇದು ನಡೆದದ್ದು. ನನ್ನ ಕಾಗದ ತಿರುಗಿ ಕೊಡ್ರಿ, ಎಲ್ಲಾರೂ.”

ಮಾಧುರಿ ಆಕೆಯ ತೋಳು ಮುಟ್ಟಿದಳು. “ಹಿಂಗ ಸಿಟ್ಟಾಗಬಾರದು ಮೋನಮ್ಮ. ಓದಿದವರು ಉತ್ತರ ಕೊಡಬಾರದು ಅಂತ ನಿಯಮ ಅದ ಅಲ್ಲ?”

“ನಾ ಇವತ್ತ ಏನೂ ಓದಿಲ್ರಿ. ಬರೇ ಮಾತಾಡಾಕ ಬಂದೀನಿ.”

ಉಮಾಕಾಂತನ ಮುಖ ಬಿಗಿಯಿತು. ಮಾತಿನಿಂದ ಮರ್ಯಾದೆಯ ‘ರಿ’ ಬಿಟ್ಟುಹೋಯಿತು. “ನೋಡವ್ವ, ನಿನ್ನ ಕುರ್ಚಿ ಹಾಕಿ ಕೂಡಿಸಿದ್ದು ಈ ಬಳಗ. ಬ್ಯಾರೆ ಯಾರು ಕೂಡಸ್ತಾರ ನಿನ್ನ? ಎರಡು ಅಕ್ಷರ ಬಂದ ಕೂಡ್ಲೇ ತಲಿಗೆ ಏರಬಾರದು.”

ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಮೋನಮ್ಮನ ದವಡೆಯಲ್ಲಿ ಇನ್ನು ಕಳೆದುಕೊಳ್ಳುವುದು ಏನೂ ಉಳಿದಿರಲಿಲ್ಲ. ಕುರ್ಚಿಯ ಮೇಲಿನ ಪೇಪರನ್ನು ತೆಗೆದು ಮಡಚಿ ಉಮಾಕಾಂತನ ಮುಂದಿಟ್ಟಳು.

“ಕುರ್ಚಿ ಮ್ಯಾಲ ಇದನ್ನ ಹಾಸಿ ಕೂಡಿಸಿದ್ರಿ, ಕಲ್ಲಿನ ಧೂಳು ಹತ್ತತದ ಅಂತ. ನೀವು ಕಾಲಿಟ್ಟು ಕುಂತದ್ದೂ ಅದೇ ಕಲ್ಲಿನ ಮ್ಯಾಲ್ರಿ ಸರ್. ಅದನ್ನ ತೊಳೆದು ಕಳಿಸಿದ್ದು ನಾವು. ನಿಮ್ಮ ಸಂಕಲನ ನನಗ ಬ್ಯಾಡ. ನನ್ನ ಹುಡುಗಿನ್ನ ಸೋಲಾಪುರಕ್ಕ ನಾ ಕಳಸಂಗಿಲ್ಲ.”

ಒಬ್ಬೊಬ್ಬರ ಮುಂದೆ ಹೋಗಿ ಕೈ ಚಾಚಿ ನಿಂತಳು. ನಾಲ್ಕು ಪ್ರತಿ ಬಂದವು. ಐದನೆಯದು ಬಕ್ಕಪ್ಪನ ಜೇಬಿನಲ್ಲಿತ್ತು. ಆಕೆ ಮೆಟ್ಟಿಲು ಇಳಿಯುವಾಗ ಮೇಲೆ ಯಾರೋ, ಈ ಮಂದೀಗ ಉಪಕಾರ ಮಾಡಬಾರದು ಎಂದದ್ದು ಕೇಳಿಸಿತು.

ಮರುದಿನ ಸಂಜೆ ಪ್ರೇಮಲಾಳ ಮನೆಗೆ ಹೋದಳು. ಪ್ರೇಮಲಾ ಬಾಗಿಲಲ್ಲೇ ನಿಂತು, “ಇನ್ನೇನು ಬರೆಯೋದು ಉಳದದ?” ಎಂದಳು.

“ಬೈ. ಹೊಡಿ. ಆದ್ರ ಒಂದ್ಸಲ ಕೇಳು. ಬ್ಯಾರೆ ಊರವರಿಗಿ ಮೊದಲು ಓದಿದೆ, ನಿಮಗ ಓದಲಿಲ್ಲ. ಅದು ನನ್ನ ತಪ್ಪು.”

ಪ್ರೇಮಲಾ ಬಾಗಿಲು ಬಿಟ್ಟು ಹೊಸ್ತಿಲ ಮೇಲೆ ಕೂತಳು. “ನಮ್ಮ ಅನ್ನ ಹೋತು. ಯಾವ ಮಾತಿಗಿ ಹೋತು ಅಂತಾದ್ರೂ ಗೊತ್ತಾಗ್ಲಿ. ಐತವಾರ ಕೂಡಮು. ಕೌಶಲ್ಯಾನ್ನೂ ಕರೀತೀನಿ.”

ಭಾನುವಾರ ಮಧ್ಯಾಹ್ನ ಕಾರ್ಖಾನೆಗಳು ಕೆಸರು ಸುರಿಯುವ ಬಯಲಿನಲ್ಲಿ, ಒಡೆದ ಕಲ್ಲಿನ ಗುಡ್ಡೆಗಳ ನಡುವೆ ಕೂತರು. ನಾಲ್ವರು. ನಾಲ್ಕನೆಯವಳು ಅಮೃತಬಾಯಿ, ಸೌಂದರ್ಯಾಳ ಅವ್ವ. ಮಗಳನ್ನು ಕೆಲಸದವಳು ಎಂದು ಬರೆಸಲು ಮನೂರಿನಿಂದ ಠಾಣೆಗೆ ಮೂರನೆಯ ಸಲ ಬಂದು, ಸಾಕ್ಷಿ ಏನಿದೆ ಎಂದು ಕೇಳಿಸಿಕೊಂಡು, ಬರಿಗೈಯಲ್ಲಿ ಕೌಶಲ್ಯಾಳ ಮನೆಗೆ ಬಂದಿಳಿದಿದ್ದಳು. ಏಳು ತಿಂಗಳು ಸೌಂದರ್ಯಾ ಇದ್ದದ್ದು ಕೌಶಲ್ಯಾಳ ಮನೆಯಲ್ಲೇ.

ಮೋನಮ್ಮ ಓದತೊಡಗಿದಳು. ಇಲ್ಲಿ ಯಾರೂ ಒಳ್ಳೆಯ ಮಾತು ಹುಡುಕಲಿಲ್ಲ. ಸಾಲು ಸಾಲಿಗೂ ತಡೆದರು.

“ಅವತ್ತ ಗುರುವಾರ ಅಲ್ಲ, ಬುಧವಾರ” ಎಂದಳು ಕೌಶಲ್ಯಾ.

“ನಾ ಅತ್ತೆ ಅಂತ ಬರದಿ. ನಾ ಅತ್ತಿಲ್ಲ. ತಗಿ ಅದನ್ನ” ಎಂದಳು ಪ್ರೇಮಲಾ.

ಮೋನಮ್ಮ ಒಂದೊಂದನ್ನೇ ತಿದ್ದುತ್ತ ಹೋದಳು. ಕೈ ಬಿಸಿಯಾಯಿತು, ಬೆನ್ನು ನೆಟ್ಟಗಾಯಿತು. ಇಷ್ಟು ದಿನ ತಾನು ಹುಡುಕಿದ್ದು ಇದನ್ನೇ ಎಂದು ಆಕೆಗೆ ಅನ್ನಿಸಿತು. ಏಳನೆಯ ಪುಟಕ್ಕೆ ಬಂದಳು. ‘ನಾವು ಕಲ್ಲು ತೆಗೆದು ಆಕೆಯನ್ನು ಹೊರಗೆ ತಂದೆವು. ಅಷ್ಟರಲ್ಲಿ ಜೀವ ಹೋಗಿತ್ತು.’

“ನಿಂದ್ರು” ಎಂದಳು ಪ್ರೇಮಲಾ. “ಕಲ್ಲು ತೆಗೆದು ಅಂದಿ. ಹೆಂಗ ತೆಗೆದ್ವಿ?”

ಮೋನಮ್ಮನ ಪೆನ್ನು ಆ ಸಾಲಿನ ಮೇಲೇ ನಿಂತಿತು.

“ಎಲ್ಲಾರ ತಪ್ಪೂ ಬರದಿ. ಸೇಠಂದು ಬರದಿ, ಬಕ್ಕಪ್ಪಂದು ಬರದಿ. ನಮ್ದು ಎಲ್ಲದ? ಹೆಂಗ ತೆಗೆದ್ವಿ ಹೇಳು. ಆಕಿ ಅವ್ವ ಕುಂತಾಳ, ಹೇಳು.”

ಮೋನಮ್ಮ ಕಾಗದ ಮಡಚಿದಳು. ಒಂಬತ್ತು ಪುಟದಲ್ಲಿ ಆಕೆ ಜಾಣತನದಿಂದ ದಾಟಿ ಬಂದ ಜಾಗ ಅದೊಂದೇ. ತನಗೇ ತಾನು ಹೇಳಿಕೊಂಡಿರಲಿಲ್ಲ. ಈಗ ಹೇಳಿದಳು.

ಲಾರಿ ಬಾಗಿಲಿಗೆ ಬಂದು ನಿಂತಿತ್ತು. ಸೌಂದರ್ಯಾಳ ಮೇಲೆ ಬಿದ್ದ ಪರ್ಸಿಗಳು ಆ ಲಾರಿಯ ಮಾಲೇ. ಎಳೆದು ಪಕ್ಕಕ್ಕೆ ಎಸೆದಿದ್ದರೆ ಹುಡುಗಿ ಎರಡು ನಿಮಿಷದಲ್ಲಿ ಹೊರಗಿರುತ್ತಿದ್ದಳು. ಪ್ರೇಮಲಾ ಮೊದಲನೆಯದನ್ನು ಎಸೆಯಲು ಎಳೆದೂ ಇದ್ದಳು. ಬಕ್ಕಪ್ಪ ಓಡಿ ಬಂದು ತಡೆದ. ಒಗೀಬ್ಯಾಡ್ರಿ, ಒಡೀತಾವ, ಒಂದೊಂದೇ ಹೊತ್ತು ಲಾರಿಗೆ ಹಾಕ್ರಿ, ಕೆಲಸಾನೂ ಆಗತದ, ಹುಡುಗೀನೂ ಹೊರಗ ಬರತಾಳ ಎಂದ. ಕೌಶಲ್ಯಾ ಹುಡುಗಿಯ ತಲೆ ಹಿಡಿದು ಕೂತಳು. ಮೋನಮ್ಮ ಒಂದು ತುದಿ, ಪ್ರೇಮಲಾ ಒಂದು ತುದಿ. ಎತ್ತಿದರು. ಲಾರಿಯವರೆಗೆ ಇಪ್ಪತ್ತು ಹೆಜ್ಜೆ. ಹಾಕಿದರು. ತಿರುಗಿ ಬಂದರು. ಮತ್ತೊಂದು ಎತ್ತಿದರು. ಹನ್ನೊಂದು ವರ್ಷ ಕೈಗೆ ಕಲಿಸಿದ್ದನ್ನು ಕೈ ಮಾಡಿತು.

ಅಮೃತಬಾಯಿ ಕೇಳುತ್ತಿದ್ದಳು.

“ಎಷ್ಟು ಪರ್ಸಿ?”

“ಮೂವತ್ತೊಂದು” ಎಂದಳು ಮೋನಮ್ಮ.

“ಆವಾಗ ಜೀವ ಇತ್ತಾ?”

ಮೋನಮ್ಮನೇ ಹೇಳಬೇಕಾಯಿತು. “ಇತ್ತು. ಇಪ್ಪತ್ತರ ತನಕ ಇತ್ತು.”

“ಏನರ ಅಂದಳಾ?”

ತಲೆ ಹಿಡಿದು ಕೂತಿದ್ದವಳು ಕೌಶಲ್ಯಾ, ಆಕೆಯೇ ಹೇಳಿದಳು. “ಅಂದಳವ್ವ. ಇವರಿಬ್ರು ಎತ್ತುವಾಗೆಲ್ಲ ಅಂದಳು. ಹುಷಾರ್ ಅಕ್ಕಾ, ತುದಿ ಒಡದೀತು ಅಂದಳು.”

ತುದಿ ಒಡೆದರೆ ಆ ದಿನದ ಕೂಲಿ ಇಲ್ಲ. ಹೊರುವ ಹೆಂಗಸರೆಲ್ಲ ಒಬ್ಬರಿಗೊಬ್ಬರು ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಸೊಂಟದ ಕೆಳಗೆ ಜಜ್ಜಿ ಹೋದ ಹುಡುಗಿ ತನ್ನ ಮೇಲಿನ ಕಲ್ಲು ಒಡೆಯದಿರಲಿ ಎಂದಿದ್ದಳು.

ಅಮೃತಬಾಯಿ ಎದ್ದು ಬಂದಳು. ಮೋನಮ್ಮನ ಕಪಾಳಕ್ಕೆ ಬಾರಿಸಿದಳು. ಕುರಿಯ ಕಾಲು ಹಿಡಿದು ಗಟ್ಟಿಯಾದ ಕೈ. ಮೋನಮ್ಮನ ತುಟಿ ಒಡೆಯಿತು. ಯಾರೂ ತಡೆಯಲಿಲ್ಲ, ಮೋನಮ್ಮ ಮುಖ ಸರಿಸಲಿಲ್ಲ. ಅಮೃತಬಾಯಿ ಹೋಗಿ ಮೊದಲಿನ ಜಾಗದಲ್ಲೇ ಕೂತಳು.

“ನೆರಳಿಗಿ ಕುಂತಾಕಿ ತುದಿ ಒಡದೀತು ಅಂತಾಳೇನು?” ಎಂದಳು.

ಮೋನಮ್ಮ ಮಡಚಿದ ಕಾಗದ ಬಿಚ್ಚಿದಳು.

“ಕುರಿ ಮಂದ್ಯಾಗಿಂದ ಬಂದ ನನಗ ಪರ್ಸಿಗಿ ತುದಿ ಇರತದ ಅಂತ ಗೊತ್ತಿಲ್ಲ. ಅದು ಹೊರೋರ ಮಾತು. ಸಾಕ್ಷಿ ಏನದ ಅಂತ ಮೂರು ಸಲ ಕೇಳಿ ಕಳಸ್ಯಾರ ನನ್ನ. ಸಾಕ್ಷಿ ನಿಮ್ಮ ಹೊಟ್ಟ್ಯಾಗ ಇಟ್ಕೊಂಡು ಕುಂತೀರಿ.” ಆಕೆಯ ದನಿ ಏರಲಿಲ್ಲ. “ಬರಿ ಅದನ್ನ. ನೀವು ಹೊತ್ತದ್ದೂ ಬರಿ. ಎಷ್ಟು ಹೊತ್ರಿ, ಎಷ್ಟು ಹೆಜ್ಜಿ ನಡದ್ರಿ, ಎಲ್ಲಾ ಬರಿ. ಹೊತ್ತವರ ಹೆಸರು ಬರಿ. ಮುಂದಿನ ಐತವಾರ ಮತ್ತ ಬರ್ತೀನಿ. ಇಲ್ಲೇ ಕುಂತು ಓದು. ಸುಳ್ಳಿದ್ರ ಮತ್ತ ಹೊಡೀತೀನಿ.”

“ನಾನೂ ಬರ್ತೀನಿ” ಎಂದಳು ಕೌಶಲ್ಯಾ.

“ನನ್ನ ಹೆಸರು ಬಿಡಬ್ಯಾಡ” ಎಂದಳು ಪ್ರೇಮಲಾ. “ನಾ ಒಂದು ತುದಿ ಹಿಡದಿದ್ದೆ.”

ಮೋನಮ್ಮ ತುಟಿಯ ರಕ್ತವನ್ನು ಸೆರಗಿನಿಂದ ಒರೆಸಿಕೊಂಡಳು. ಏಳನೆಯ ಪುಟದ ಆ ಎರಡು ಸಾಲನ್ನು ಹೊಡೆದು ಹಾಕಿದಳು. ಹೊಸ ಹಾಳೆ ತೆಗೆದಳು. ಹೊತ್ತವರ ಹೆಸರು ಎಂದು ಬರೆದು, ಕೆಳಗೆ ಮೊದಲು ತನ್ನ ಹೆಸರು ಬರೆದಳು.